ಪಾರ್ಕಿನ ಗಡಿ ನಮ್ಮ ಜಮೀನಿನ ಮೇಲೆ ಹಾದರೆ ಜಮೀನು ಸರ್ಕಾರದ್ದಾಗುತ್ತದೆಯೇ?

ಪ್ರಶ್ನೆ: ನಾವು ಅಮೆರಿಕದ ಜಾರ್ಜಿಯಾ ರಾಜ್ಯದ ವಾರ್ನರ್ ರಾಬಿನ್ಸ್‌ನಲ್ಲಿದ್ದೇವೆ. 2021ರಲ್ಲಿ ನಾನು ಮತ್ತು ನನ್ನ ಭಾವಮೈದುನ ಸೇರಿ ಟ್ವಿಗ್ಸ್ ಕೌಂಟಿಯಲ್ಲಿ ಓಕ್ಮಲ್ಗೀ ನದಿಯ ಕಡೆಗೆ 22 ಎಕರೆ ಕೊಂಡೆವು. ಅರ್ಧ ಪೈನ್ ತೋಪು, ಸ್ವಲ್ಪ ಉಳುವ ನೆಲ, ಉಳಿದದ್ದು ನದಿ ತುಂಬಿದಾಗ ನೀರು ನಿಲ್ಲುವ ತಗ್ಗು. ತಗ್ಗಿನ ಭಾಗವನ್ನು ಜಿಂಕೆ ಬೇಟೆಯ ಕ್ಲಬ್ಬೊಂದಕ್ಕೆ ವರ್ಷದ ಗುತ್ತಿಗೆಗೆ ಕೊಟ್ಟಿದ್ದೇವೆ. ಮುಂದೆ ಒಂದು ಚಿಕ್ಕ ಮನೆ ಕಟ್ಟುವ ಆಸೆ ಇದೆ. ಈಗ ಮೇಕನ್ ನಗರದ ಬಳಿ ಪ್ರಾಚೀನ ಮಣ್ಣಿನ ದಿಬ್ಬಗಳಿರುವ ಓಕ್ಮಲ್ಗೀ ಮೌಂಡ್ಸ್ ಪಾರ್ಕನ್ನು ನದಿಯ ಕೆಳಪಾತ್ರದ ಹಾಕಿನ್ಸ್‌ವಿಲ್‌ವರೆಗೆ ವಿಸ್ತರಿಸುವ ಕಾನೂನು ಬಂದಿದೆ, ಜಮೀನೆಲ್ಲ ಫೆಡರಲ್ ಸರ್ಕಾರಕ್ಕೆ ಹೋಗುತ್ತದೆ ಎಂದು ಪಕ್ಕದ ಜಮೀನಿನವರು ಹೇಳುತ್ತಿದ್ದಾರೆ. ಇನ್ನೊಬ್ಬರು ಸುಮ್ಮನಿರಿ, ಬೆಲೆ ಮೂರು ಪಟ್ಟಾಗುತ್ತದೆ ಎನ್ನುತ್ತಾರೆ. ತುಮಕೂರಿನಲ್ಲಿ ಕೈಗಾರಿಕಾ ಪ್ರದೇಶಕ್ಕೆ ಮೂರು ಎಕರೆ ಕಳೆದುಕೊಂಡ ನಮ್ಮ ತಂದೆ, ನೋಟಿಫಿಕೇಶನ್ ಆಗುವ ಮೊದಲೇ ಮಾರಿಬಿಡಿ ಎಂದು ದಿನಾ ಫೋನ್ ಮಾಡುತ್ತಾರೆ. ಉಳುವ ನೆಲದಲ್ಲಿ ಮಳೆಯ ನಂತರ ಮಡಕೆ ಚೂರು, ಕಲ್ಲಿನ ಬಾಣದ ಮೊನೆ ಸಿಗುತ್ತವೆ, ಅವನ್ನು ಇಟ್ಟುಕೊಳ್ಳಬಹುದೇ? ಭಾವಮೈದುನ ಕಳೆದ ವರ್ಷ ಬೆಂಗಳೂರಿಗೆ ವಾಪಸಾಗಿದ್ದಾನೆ. ಏನು ಮಾಡಬೇಕು?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ, ಹಿಂದಿರುವ ಭಯ ಒಂದೇ. ನಕ್ಷೆಯಲ್ಲಿ ಗೆರೆ ಬಿದ್ದರೆ ಜಮೀನು ಹೋಯಿತು ಎಂಬುದು. ನಿಮ್ಮ ತಂದೆಯವರು ಕಂಡದ್ದು ಸುಳ್ಳಲ್ಲ. ಕರ್ನಾಟಕದ ಕೈಗಾರಿಕಾ ಪ್ರದೇಶಾಭಿವೃದ್ಧಿ (ಕೆಐಎಡಿಬಿ) ಕಾಯ್ದೆಯಲ್ಲಿ ಸೆಕ್ಷನ್ 28(1)ರ ಪ್ರಾಥಮಿಕ ಅಧಿಸೂಚನೆ ಬಂತೆಂದರೆ ಸ್ವಾಧೀನದ ಮೊದಲ ಹೆಜ್ಜೆ ಬಿತ್ತು ಎಂದೇ ಅರ್ಥ. 28(4)ರ ಅಂತಿಮ ಘೋಷಣೆ ಪ್ರಕಟವಾದಾಗ ಜಮೀನು ರಾಜ್ಯ ಸರ್ಕಾರದಲ್ಲಿ ನಿಹಿತವಾಗುತ್ತದೆ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲೂ 11ನೇ ಸೆಕ್ಷನ್ನಿನ ಅಧಿಸೂಚನೆಯ ನಂತರ ಜಿಲ್ಲಾಧಿಕಾರಿಯ ವಿನಾಯಿತಿ ಇಲ್ಲದೆ ಮಾರಾಟ, ಅಡಮಾನ ಯಾವುದೂ ಮಾಡುವಂತಿಲ್ಲ. ಅಲ್ಲಿ ಗೆರೆ ಎಳೆಯುವುದೇ ಸ್ವಾಧೀನದ ಆರಂಭ.

ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಪಾರ್ಕುಗಳ ಗಡಿ ಹಾಗೆ ಕೆಲಸ ಮಾಡುವುದಿಲ್ಲ. ಸಂಸತ್ತು ಗಡಿಯನ್ನು ವಿಸ್ತರಿಸಿದಾಗ ಪಾರ್ಕುಗಳನ್ನು ನೋಡಿಕೊಳ್ಳುವ ಫೆಡರಲ್ ಸಂಸ್ಥೆಯಾದ ನ್ಯಾಷನಲ್ ಪಾರ್ಕ್ ಸರ್ವಿಸ್‌ಗೆ ಸಿಗುವುದು ಆ ಗೆರೆಯೊಳಗಿನ ಜಮೀನನ್ನು ಪಡೆಯಲು ಅನುಮತಿ ಮಾತ್ರ. ಕ್ರಯಪತ್ರ ನಿಮ್ಮ ಹೆಸರಲ್ಲೇ ಇರುತ್ತದೆ, ತೆರಿಗೆ ನೀವೇ ಕಟ್ಟುತ್ತೀರಿ, ಯಾರಿಗೆ ಬೇಕಾದರೂ ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬರೆಯಬಹುದು. ಪಾರ್ಕ್ ಸರ್ವಿಸ್‌ನ ಸಾಮಾನ್ಯ ನಿಯಮಗಳು ಗಡಿಯೊಳಗಿನ ಖಾಸಗಿ ನೆಲಕ್ಕೆ ಅನ್ವಯಿಸುವುದಿಲ್ಲವೆಂದು ಆ ನಿಯಮಾವಳಿಯ ಮೊದಲ ಭಾಗದಲ್ಲೇ ಬರೆದಿದೆ. ಅಮೆರಿಕದ ಎಷ್ಟೋ ಪಾರ್ಕುಗಳ ಗಡಿಯೊಳಗೆ ಇಂದಿಗೂ ಖಾಸಗಿ ಹೊಲ, ಮನೆ, ಚರ್ಚುಗಳಿವೆ.

ಈಗ ನಿಮ್ಮ ಪ್ರದೇಶದ ವಿಷಯ. ಇದರಲ್ಲಿ ಮೂರು ಬೇರೆ ಬೇರೆ ದಾಖಲೆಗಳಿವೆ, ಜನ ಮೂರನ್ನೂ ಕಲಸಿ ಮಾತಾಡುತ್ತಾರೆ. ಗೊಂದಲ ಅಲ್ಲಿಂದಲೇ ಹುಟ್ಟಿದೆ.

ಮೊದಲನೆಯದು ಜಾರಿಯಲ್ಲಿರುವ ಕಾನೂನು. ಓಕ್ಮಲ್ಗೀಗೆ 1934ರಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತು, 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಆಗ ಇದ್ದದ್ದು ಸುಮಾರು 700 ಎಕರೆ. 2019ರ ಮಾರ್ಚ್ 12ರಂದು ಸಹಿಯಾದ ಡಿಂಗೆಲ್ ಕಾಯ್ದೆ ಅದನ್ನು ರಾಷ್ಟ್ರೀಯ ಐತಿಹಾಸಿಕ ಪಾರ್ಕ್ ಎಂದು ಮರುನಾಮಕರಣ ಮಾಡಿ, ಗಡಿಗೆ ಇನ್ನೂ ಸುಮಾರು 2,100 ಎಕರೆ ಸೇರಿಸಿತು. ಅದೇ ಕಾಯ್ದೆ ಈ ಗಡಿಯೊಳಗೆ ಬಲವಂತದ ಸ್ವಾಧೀನವನ್ನು ನಿಷೇಧಿಸಿದೆ. ಗಡಿ ವಿಸ್ತಾರವಾದ ಮರುದಿನವೇ ಆ 2,100 ಎಕರೆ ಪಾರ್ಕಿನದಾಗಲಿಲ್ಲ. ಸುಮಾರು 900 ಎಕರೆಯ ದೊಡ್ಡ ತುಂಡೊಂದು ಪಾರ್ಕಿಗೆ ಸೇರಿದ್ದು 2022ರಲ್ಲಿ, ಅಂದರೆ ಕಾನೂನು ಬಂದು ಮೂರು ವರ್ಷದ ಮೇಲೆ.

ಎರಡನೆಯದು ಅಧ್ಯಯನ. ಮೇಕನ್‌ನಿಂದ ಹಾಕಿನ್ಸ್‌ವಿಲ್‌ವರೆಗಿನ ನದಿ ಪಾತ್ರವನ್ನು ಪಾರ್ಕ್ ವ್ಯವಸ್ಥೆಗೆ ಸೇರಿಸಬಹುದೇ ಎಂದು ಪರಿಶೀಲಿಸಲು 2019ರ ಕಾಯ್ದೆಯೇ ಹೇಳಿತ್ತು. 2023ರ ನವೆಂಬರಿನಲ್ಲಿ ವರದಿ ಬಂತು. ಇಂಥ ಅಧ್ಯಯನದಲ್ಲಿ ನೋಡುವುದು ನಾಲ್ಕು ವಿಷಯ: ರಾಷ್ಟ್ರಮಟ್ಟದ ಮಹತ್ವ, ಪಾರ್ಕ್ ವ್ಯವಸ್ಥೆಯಲ್ಲಿ ಈಗಾಗಲೇ ಇಂಥದ್ದು ಇಲ್ಲದಿರುವುದು, ಕಾರ್ಯಸಾಧ್ಯತೆ, ಪಾರ್ಕ್ ಸರ್ವಿಸೇ ನೋಡಿಕೊಳ್ಳಬೇಕಾದ ಅಗತ್ಯ. ಮೊದಲ ಎರಡರಲ್ಲಿ ನದಿ ಪಾತ್ರ ಪಾಸಾಯಿತು. ಕಾರ್ಯಸಾಧ್ಯತೆಯಲ್ಲಿ ನಿಂತಿತು: ವಿಸ್ತೀರ್ಣ ದೊಡ್ಡದು, ಜಮೀನು ಹಲವು ಖಾಸಗಿ ಒಡೆಯರ ಕೈಯಲ್ಲಿದೆ, ಕೊಳ್ಳುವ ವೆಚ್ಚ ಹೆಚ್ಚು. ನದಿಯುದ್ದಕ್ಕೂ ಬಣ್ಣ ಬಳಿದ ನಕ್ಷೆಯನ್ನು ಯಾರಾದರೂ ತೋರಿಸಿದರೆ ಅದು ಬಹುಶಃ ಈ ಅಧ್ಯಯನದ್ದು. ಅದು ಪಾರ್ಕಿನ ಗಡಿಯಲ್ಲ.

ಮೂರನೆಯದು ಮಸೂದೆ. ಅಧ್ಯಯನ ಏನೇ ಹೇಳಿದರೂ ಸಂಸತ್ತು ತನ್ನ ದಾರಿ ಹಿಡಿಯಬಹುದು. 2024ರಲ್ಲಿ ಜಾರ್ಜಿಯಾದ ಇಬ್ಬರು ಸೆನೆಟರ್‌ಗಳು ಸೆನೆಟ್‌ನಲ್ಲಿ, ಆಸ್ಟಿನ್ ಸ್ಕಾಟ್ ಮತ್ತು ಸ್ಯಾನ್‌ಫರ್ಡ್ ಬಿಷಪ್ ಕೆಳಮನೆಯಲ್ಲಿ, ಅಂದರೆ ಎರಡೂ ಪಕ್ಷದವರು ಸೇರಿ, ಓಕ್ಮಲ್ಗೀಯನ್ನು ರಾಷ್ಟ್ರೀಯ ಪಾರ್ಕ್ ಮತ್ತು ಪ್ರಿಸರ್ವ್ (ಬೇಟೆ ಮುಂದುವರಿಯಬಹುದಾದ ಸಂರಕ್ಷಿತ ಪ್ರದೇಶ) ಮಾಡುವ ಮಸೂದೆ ಮಂಡಿಸಿದರು. ಎರಡು ವರ್ಷದ ಸಂಸತ್ತಿನ ಅವಧಿ 2025ರ ಜನವರಿಯಲ್ಲಿ ಮುಗಿದಾಗ ಅದು ತಾನಾಗಿ ಬಿದ್ದುಹೋಯಿತು. ಅದೇ ವರ್ಷ ಮತ್ತೆ ಮಂಡನೆಯಾಯಿತು. ಮಂಡನೆಯಾದ ಮಸೂದೆಯನ್ನು ಕಾನೂನು ಎಂದು ಹೇಳುವುದು ಇಲ್ಲಿ ಬಹಳ ಸಾಮಾನ್ಯ. ಪಾರ್ಕ್ ಮಸೂದೆಗಳು ಒಂಟಿಯಾಗಿ ಪಾಸಾಗುವುದು ಕಡಿಮೆ. ವರ್ಷಗಟ್ಟಲೆ ಸಮಿತಿಯಲ್ಲಿ ಕೂತು, ಯಾವುದೋ ಒಂದು ದೊಡ್ಡ ಕಂತೆ ಮಸೂದೆಯೊಳಗೆ ಸೇರಿ ಒಂದೇ ದಿನ ಪಾಸಾಗುತ್ತವೆ. 2019ರಲ್ಲಿ ಆದದ್ದು ಹಾಗೆಯೇ: ಡಿಂಗೆಲ್ ಕಾಯ್ದೆಯಲ್ಲಿ ನೂರಕ್ಕೂ ಹೆಚ್ಚು ಬೇರೆ ಬೇರೆ ಮಸೂದೆಗಳಿದ್ದವು. ಹಾಗಾಗಿ "ಇನ್ನೂ ಸಮಿತಿಯಲ್ಲೇ ಇದೆ" ಎಂದು ವರ್ಷಾನುಗಟ್ಟಲೆ ನೋಡದೆ ಬಿಡುವುದೂ ತಪ್ಪು. ಸಂಸತ್ತಿನ ಜಾಲತಾಣದಲ್ಲಿ ಮಸೂದೆಯ ಹೆಸರು ಹಾಕಿ ಇಮೇಲ್ ಸೂಚನೆ ಕೇಳಿಕೊಳ್ಳಿ, ಖರ್ಚಿಲ್ಲ.

ಮಸೂದೆಯ ಪಠ್ಯ ಕೈಗೆ ಬಂದಾಗ ಮೊದಲ ಪುಟಗಳ ಮಹತ್ವದ ಮಾತುಗಳನ್ನು ಬಿಟ್ಟು ನೇರವಾಗಿ ಸ್ವಾಧೀನದ ಸೆಕ್ಷನ್ನಿಗೆ ಹೋಗಿ. ನಿಮ್ಮ ಭವಿಷ್ಯ ನಿರ್ಧರಿಸುವುದು ಅಲ್ಲಿನ ಒಂದೆರಡು ಸಾಲು. "ದಾನ, ವಿನಿಮಯ ಅಥವಾ ಒಪ್ಪಿದ ಮಾರಾಟಗಾರರಿಂದ ಖರೀದಿ" ಎಂದಿದ್ದರೆ, ಜೊತೆಗೆ "ಕಂಡೆಮ್ನೇಶನ್ (ಬಲವಂತದ ಸ್ವಾಧೀನ) ಮೂಲಕ ಪಡೆಯತಕ್ಕದ್ದಲ್ಲ" ಎಂಬ ಪ್ರತ್ಯೇಕ ವಾಕ್ಯವೂ ಇದ್ದರೆ, ನೀವು ಬೇಡವೆಂದ ದಿನ ಮಾತುಕತೆ ಅಲ್ಲಿಗೇ ಮುಗಿಯಿತು. ಬರೀ "ದಾನ, ಖರೀದಿ ಅಥವಾ ವಿನಿಮಯ" ಎಂದು ಬರೆದು ಸುಮ್ಮನಾಗಿದ್ದರೆ ಎಚ್ಚರ ಬೇಕು. 1888ರಷ್ಟು ಹಳೆಯ ಒಂದು ಸಾಮಾನ್ಯ ಕಾನೂನಿದೆ: ಜಮೀನು ಪಡೆಯಲು ಅಧಿಕಾರವಿರುವ ಫೆಡರಲ್ ಅಧಿಕಾರಿ, ಬೇರೆ ನಿಷೇಧವಿಲ್ಲದಿದ್ದರೆ, ಕೋರ್ಟಿನ ಮೂಲಕ ಬಲವಂತವಾಗಿಯೂ ಪಡೆಯಬಹುದು. ಕಾಯ್ದೆ ಮೌನವಾಗಿದ್ದರೆ ಆ ಹಳೆಯ ಅಧಿಕಾರ ಹಿಂಬಾಗಿಲಿನಿಂದ ಬರುತ್ತದೆ. ಓಕ್ಮಲ್ಗೀಯ ಹೊಸ ಮಸೂದೆಯೂ ಒಪ್ಪಿದ ಮಾರಾಟಗಾರರ ತತ್ವದ ಮೇಲೆಯೇ ನಿಂತಿದೆ. ಆದರೆ ಸಮಿತಿಯಲ್ಲಿ ಪಠ್ಯ ಬದಲಾಗುತ್ತದೆ, ಆದ್ದರಿಂದ ಪ್ರತಿ ಹೊಸ ಆವೃತ್ತಿಯಲ್ಲೂ ಈ ಸಾಲು ಉಳಿದಿದೆಯೇ ಎಂದು ನೋಡಬೇಕು.

ಅದೇ ಸೆಕ್ಷನ್ನಿನ ಆಸುಪಾಸಿನಲ್ಲಿ ಇನ್ನೆರಡು ಕಡೆ ಕಣ್ಣಾಡಿಸಿ. ಗಡಿಯನ್ನು ಕಾಯ್ದೆ ಸರ್ವೆ ಅಳತೆಯಲ್ಲಿ ಬರೆಯುವುದಿಲ್ಲ. ಒಂದು ನಕ್ಷೆಯ ಹೆಸರು, ಸಂಖ್ಯೆ, ತಿಂಗಳು, ವರ್ಷ ಕೊಟ್ಟು "ಅದರಲ್ಲಿ ಸಾಮಾನ್ಯವಾಗಿ ತೋರಿಸಿದಂತೆ" ಎನ್ನುತ್ತದೆ. ಆ ಸಂಖ್ಯೆಯ ನಕ್ಷೆಯನ್ನೇ ಪಾರ್ಕ್ ಕಚೇರಿಯಲ್ಲಿ ಕೇಳಿ, ಪತ್ರಿಕೆಯಲ್ಲಿ ಬಂದ ಚಿತ್ರವನ್ನು ನಂಬಬೇಡಿ. ಎರಡನೆಯದಾಗಿ, ಗಡಿಯ ಹೊರಗೆ ರಕ್ಷಣಾ ವಲಯ ಸೃಷ್ಟಿಯಾಗುವುದಿಲ್ಲ ಎಂಬ ವಾಕ್ಯ ಇದೆಯೇ ನೋಡಿ. ಇತ್ತೀಚಿನ ಇಂಥ ಕಾಯ್ದೆಗಳಲ್ಲಿ ಇದು ಸಾಮಾನ್ಯ. ಭಾರತದಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಇರುವಂತೆ ಅಮೆರಿಕದ ಪಾರ್ಕ್ ಕಾನೂನಿನಲ್ಲಿ ದೂರದ ಲೆಕ್ಕದ ನಿಷೇಧ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ನೆರೆಯವರ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಮ್ಯಾಸಚೂಸೆಟ್ಸ್‌ನ ಮಿನಿಟ್ ಮ್ಯಾನ್ ಪಾರ್ಕು 1959ರಲ್ಲಿ ಸ್ಥಾಪನೆಯಾದಾಗ, 1775ರ ಯುದ್ಧದ ದಾರಿಯ ನೋಟವನ್ನು ಮರಳಿ ತರಲೆಂದು ಗಡಿಯೊಳಗಿನ ಎಷ್ಟೋ ಮನೆಗಳನ್ನು ಕೊಂಡು ಕೆಡವಿದರು. ಓಹಾಯೋದ ಕಯಹೋಗ ಕಣಿವೆಯಲ್ಲಿ 1974ರ ಕಾಯ್ದೆಯ ನಂತರ ನೂರಾರು ಮನೆಗಳು ಹೋದವು, ಆ ಕಹಿ ಇನ್ನೂ ಮಾಸಿಲ್ಲ. ಒಪ್ಪಿದ ಮಾರಾಟಗಾರ ಎಂಬ ಷರತ್ತು ಇಂದು ಇಷ್ಟು ಸಾಮಾನ್ಯವಾಗಿರುವುದೇ ಆ ಕಾಲದ ಜನ ಹೋರಾಡಿದ್ದರಿಂದ. ಓಕ್ಮಲ್ಗೀಯಲ್ಲಂತೂ ಬಲವಂತದ ಕತೆ ಇನ್ನೂ ಹಳೆಯದು. ಈ ನೆಲ ಮಸ್ಕೋಗಿ ಎಂಬ ಮೂಲನಿವಾಸಿ ಜನರದು. 1805ರ ಒಪ್ಪಂದದಲ್ಲಿ ನದಿಯ ಪೂರ್ವಕ್ಕೆ ಮೂರು ಮೈಲಿ ಅಗಲ, ಐದು ಮೈಲಿ ಉದ್ದದ ಪಟ್ಟಿಯೊಂದನ್ನು ಅವರು ತಮಗಾಗಿ ಉಳಿಸಿಕೊಂಡಿದ್ದರು, 1826ರಲ್ಲಿ ಅದೂ ಹೋಯಿತು. ಆಮೇಲೆ ಅವರನ್ನು ಒಕ್ಲಹೋಮಕ್ಕೆ ಅಟ್ಟಲಾಯಿತು. ಹೊಸ ಮಸೂದೆಯಲ್ಲಿ ಪಾರ್ಕಿನ ನಿರ್ವಹಣೆಯಲ್ಲಿ ಮಸ್ಕೋಗಿ ನೇಷನ್‌ಗೆ ಪಾಲು ಕೊಡುವ ಮಾತಿರುವುದು ಇದೇ ಕಾರಣಕ್ಕೆ. ಅದರಿಂದ ನಿಮ್ಮ ಒಡೆತನಕ್ಕೆ ಏನೂ ಆಗುವುದಿಲ್ಲ. ಅದು ಫೆಡರಲ್ ನೆಲದ ನಿರ್ವಹಣೆಯ ಏರ್ಪಾಡು.

ಮನೆ ಕಟ್ಟುವ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯದಲ್ಲಿ ನೀವು ಹೆದರಬೇಕಾದ್ದು ಪಾರ್ಕಿಗಲ್ಲ, ನದಿಗೆ. 1994ರ ಜುಲೈನಲ್ಲಿ ಆಲ್ಬರ್ಟೊ ಚಂಡಮಾರುತದ ಮಳೆಗೆ ಓಕ್ಮಲ್ಗೀ ಉಕ್ಕಿ ಮೇಕನ್ ನಗರಕ್ಕೆ ವಾರಗಟ್ಟಲೆ ಕುಡಿಯುವ ನೀರು ನಿಂತಿತ್ತು. ನಿಮ್ಮ ತಗ್ಗು ಫೆಡರಲ್ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ನಕ್ಷೆಯ ಪ್ರವಾಹ ವಲಯದಲ್ಲಿದ್ದರೆ, ಮನೆಯ ತಳಮಹಡಿ ನೂರು ವರ್ಷದ ಪ್ರವಾಹ (ಯಾವುದೇ ವರ್ಷ ನೂರರಲ್ಲಿ ಒಂದು ಸಂಭವವಿರುವ ಪ್ರವಾಹ) ಮಟ್ಟಕ್ಕಿಂತ ಕೆಳಗಿರುವಂತಿಲ್ಲ, ಎತ್ತರದ ಪ್ರಮಾಣಪತ್ರವನ್ನು ಲೈಸೆನ್ಸ್ ಇರುವ ಸರ್ವೇಯರ್ ಅಥವಾ ಎಂಜಿನಿಯರ್ ಕೊಡಬೇಕು, ಸಾಲ ತೆಗೆದರೆ ಪ್ರವಾಹ ವಿಮೆ ಕಡ್ಡಾಯ. ಜವುಗು ನೆಲಕ್ಕೆ ಮಣ್ಣು ತುಂಬಿಸಲು ಕ್ಲೀನ್ ವಾಟರ್ ಕಾಯ್ದೆಯ 404ನೇ ಸೆಕ್ಷನ್ ಪ್ರಕಾರ ಸೇನೆಯ ಎಂಜಿನಿಯರುಗಳ ದಳದ ಪರವಾನಗಿ ಬೇಕು. ಅಮೆರಿಕದ ಸುಪ್ರೀಂ ಕೋರ್ಟಿನ 2023ರ ಸ್ಯಾಕೆಟ್ ತೀರ್ಪಿನ ನಂತರ ಆ ಕಾನೂನು ಎಲ್ಲ ಜವುಗಿಗೂ ಅನ್ವಯಿಸುವುದಿಲ್ಲ ನಿಜ. ಆದರೆ ನದಿಗೆ ನೀರಿನ ಸಂಪರ್ಕವಿರುವ ತಗ್ಗು ಇನ್ನೂ ಅದರೊಳಗೇ ಬರುವ ಸಂಭವ ಹೆಚ್ಚು. ಈ ದಳದ ಸವಾನಾ ಕಚೇರಿಯಿಂದ, ನಿಮ್ಮ ತಗ್ಗು ಆ ಕಾನೂನಿನೊಳಗೆ ಬರುತ್ತದೆಯೇ ಎಂಬ ವ್ಯಾಪ್ತಿ ನಿರ್ಣಯ ಬರೆಸಿಕೊಳ್ಳಿ. ಈ ಎಲ್ಲ ನಿರ್ಬಂಧ ಪಾರ್ಕ್ ಬರುವ ಮೊದಲೂ ಇತ್ತು, ಪಾರ್ಕ್ ಬರದಿದ್ದರೂ ಇರುತ್ತದೆ. ಪೈನ್ ತೋಪಿನ ಎತ್ತರದ ಭಾಗದಲ್ಲಿ ಕಟ್ಟುವುದಾದರೆ ಕೌಂಟಿಯ ಅನುಮತಿ, ಸೆಪ್ಟಿಕ್ ಪರೀಕ್ಷೆ ಸಾಕು. ಪಾರ್ಕ್ ಸರ್ವಿಸನ್ನು ಕೇಳುವ ಅಗತ್ಯವಿಲ್ಲ.

ಇನ್ನು ಬೆಲೆ ಮೂರು ಪಟ್ಟು ಆಗುವ ಮಾತು. ಪಾರ್ಕಿನ ಪ್ರವೇಶದ್ವಾರದ ಹತ್ತಿರ ಹೋಟೆಲ್ ಕಟ್ಟುವಂಥ ರಸ್ತೆಬದಿ ಜಾಗಕ್ಕೆ ಬೆಲೆ ಏರಬಹುದು. ನೀರು ನಿಲ್ಲುವ ಒಳನೆಲಕ್ಕೆ ಮುಖ್ಯ ಗಿರಾಕಿ ಪಾರ್ಕ್ ಸರ್ವಿಸೇ ಆದರೆ, ಅದು ಕೊಡುವ ಬೆಲೆಗೆ ಕಟ್ಟುನಿಟ್ಟಿನ ಲೆಕ್ಕವಿದೆ. ಫೆಡರಲ್ ಖರೀದಿಯ ಮೌಲ್ಯಮಾಪನವನ್ನು ಯೆಲ್ಲೋ ಬುಕ್ ಎಂದೇ ಕರೆಯುವ ಮಾನದಂಡದಂತೆ ಮಾಡುತ್ತಾರೆ. ಪಾರ್ಕಿನ ಯೋಜನೆಯಿಂದಲೇ ಬೆಲೆ ಏರಿದ್ದರೆ ಆ ಏರಿಕೆಯನ್ನು ಕಳೆಯಬೇಕು, ಇಳಿದಿದ್ದರೆ ಇಳಿಕೆಯನ್ನೂ ಪರಿಗಣಿಸುವಂತಿಲ್ಲ ಎಂಬುದು ಅದರ ಮುಖ್ಯ ನಿಯಮ. ಮೌಲ್ಯಮಾಪನ ಮಾಡಿಸುವುದು ಪಾರ್ಕ್ ಸರ್ವಿಸ್ ಅಲ್ಲ, ಅದು ಸೇರಿರುವ ಇಂಟೀರಿಯರ್ ಇಲಾಖೆಯ ಪ್ರತ್ಯೇಕ ಕಚೇರಿ. ಮೌಲ್ಯಮಾಪಕರು ಜಮೀನಿಗೆ ಬರುವ ದಿನ ನೀವು ಜೊತೆಗೆ ನಡೆಯಿರಿ. ಒಳದಾರಿ, ಕೊಳವೆಬಾವಿ, ಪೈನ್ ಮರದ ವಯಸ್ಸು, ಕಡಿಯಲು ಬಂದ ಮರದ ಅಂದಾಜು, ಗುತ್ತಿಗೆ ಪತ್ರ ಎಲ್ಲವನ್ನೂ ಕಾಗದದಲ್ಲಿ ಕೊಡಿ. ಮರದ ಮೌಲ್ಯ ಬಿಟ್ಟುಹೋಗುವುದು ಈ ಭಾಗದಲ್ಲಿ ಮತ್ತೆ ಮತ್ತೆ ಕಾಣುವ ನಷ್ಟ.

ಹಣದ ಮಾತೂ ಇದೆ. ಗಡಿ ವಿಸ್ತರಿಸುವ ಕಾನೂನು ಖರೀದಿಗೆ ಹಣ ಕೊಡುವುದಿಲ್ಲ. ಹಣ ಬರುವುದು ಹೆಚ್ಚಾಗಿ ಜಮೀನು ಸಂರಕ್ಷಣೆಯ ಫೆಡರಲ್ ನಿಧಿಯಾದ ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಶನ್ ಫಂಡ್‌ನಿಂದ. 2020ರ ಕಾನೂನು ಅದಕ್ಕೆ ವರ್ಷಕ್ಕೆ 90 ಕೋಟಿ ಡಾಲರ್ ಖಾಯಂ ಮಾಡಿತು. ಅದರಲ್ಲಿ ರಾಜ್ಯಗಳಿಗೆ ಕನಿಷ್ಠ 40 ಶೇಕಡ ಹೋಗಬೇಕು; ಉಳಿದದ್ದರಲ್ಲಿ ಅರಣ್ಯ ಸೇವೆ, ವನ್ಯಜೀವಿ ಸೇವೆ, ಭೂ ನಿರ್ವಹಣಾ ಬ್ಯೂರೋ, ಪಾರ್ಕ್ ಸರ್ವಿಸ್ ಹಂಚಿಕೊಳ್ಳಬೇಕು, ಅದೂ ಇಡೀ ದೇಶಕ್ಕೆ. ಹಾಗಾಗಿ ಪಾರ್ಕ್ ಸರ್ವಿಸ್‌ಗೆ ನಿಮ್ಮ 22 ಎಕರೆ ಬೇಕೆನಿಸಿದರೂ, ಮೊದಲ ಮಾತಿನಿಂದ ಹಣ ಕೈಗೆ ಬರುವವರೆಗೆ ಒಂದೂವರೆ ಎರಡು ವರ್ಷ ಹಿಡಿಯುವುದು ಸಾಮಾನ್ಯ. ಯಾವ ಖರ್ಚಿಗೂ ಈ ಹಣ ನಂಬಿಕೊಳ್ಳಬೇಡಿ.

ಮಾರುವ ಮನಸ್ಸಿದ್ದು ಕಾಯಲು ಆಗದಿದ್ದರೆ ಮಧ್ಯದ ದಾರಿಯೊಂದಿದೆ. ಓಪನ್ ಸ್ಪೇಸ್ ಇನ್‌ಸ್ಟಿಟ್ಯೂಟ್, ಓಕ್ಮಲ್ಗೀ ಲ್ಯಾಂಡ್ ಟ್ರಸ್ಟ್‌ನಂಥ ಲಾಭರಹಿತ ಸಂಸ್ಥೆಗಳು ಬೇಗ ಕೊಂಡು, ನಂತರ ಪಾರ್ಕಿಗೋ ರಾಜ್ಯಕ್ಕೋ ಒಪ್ಪಿಸುತ್ತವೆ. ಇಂಥ ಯಾವ ಸಂಸ್ಥೆಯೇ ಆದರೂ ಮೊದಲು ಕೇಳುವುದು ಆಪ್ಷನ್ ಕರಾರು: ಇಷ್ಟು ತಿಂಗಳು ಬೇರೆ ಯಾರಿಗೂ ಮಾರುವುದಿಲ್ಲ ಎಂಬ ಒಪ್ಪಂದ. ಅದನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಅವಧಿ ಎಷ್ಟು, ಅವರು ಒಬ್ಬರೇ ಅವಧಿ ವಿಸ್ತರಿಸಬಹುದೇ, ವಿಸ್ತರಿಸಿದರೆ ಬೇರೆ ಹಣ ಕೊಡುತ್ತಾರೆಯೇ, ಸರ್ವೆ ಮತ್ತು ಪರಿಸರ ತಪಾಸಣೆಯ ಖರ್ಚು ಯಾರದು, ಖರೀದಿ ಆಗದಿದ್ದರೆ ಆ ವರದಿಗಳ ಪ್ರತಿ ನಿಮಗೆ ಸಿಗುತ್ತದೆಯೇ ಎಂಬುದು ಬರಹದಲ್ಲಿರಬೇಕು. ನೂರು ಡಾಲರ್ ಮುಂಗಡಕ್ಕೆ ಎರಡು ವರ್ಷ ಕಟ್ಟಿಹಾಕಿಸಿಕೊಂಡರೆ ಈ ನಡುವೆ ಬಂದ ಒಳ್ಳೆಯ ಗಿರಾಕಿ ಕೈತಪ್ಪುತ್ತಾನೆ. ಪಾರ್ಕ್ ಸರ್ವಿಸ್ ನೇರವಾಗಿ ಬಂದರೆ ಒಂದು ಪತ್ರ ಕೇಳಿ: ಮಾತುಕತೆ ಮುರಿದರೆ ಬಲವಂತವಾಗಿ ಪಡೆಯುವುದಿಲ್ಲ, ತಾವು ಅಂದಾಜಿಸಿದ ಮಾರುಕಟ್ಟೆ ಬೆಲೆ ಇಷ್ಟು ಎಂದು. ಸ್ವಯಂಪ್ರೇರಿತ ಖರೀದಿಯಲ್ಲಿ ಇವೆರಡನ್ನೂ ಲಿಖಿತವಾಗಿ ತಿಳಿಸಬೇಕೆಂಬುದು ಫೆಡರಲ್ ನಿಯಮ.

ಜಮೀನು ಇಟ್ಟುಕೊಂಡೇ ಕಟ್ಟಡದ ಹಕ್ಕನ್ನಷ್ಟೇ ಬಿಟ್ಟುಕೊಡುವ ಸಂರಕ್ಷಣಾ ಈಸ್‌ಮೆಂಟ್ ಇನ್ನೊಂದು ದಾರಿ. ನೀವು ಮತ್ತು ಮುಂದಿನ ಎಲ್ಲ ಒಡೆಯರು ಶಾಶ್ವತವಾಗಿ ಬದ್ಧರಾಗುತ್ತೀರಿ, ಆ ಶಾಶ್ವತ ಎಂಬುದನ್ನು ನಿಜವಾದ ಅರ್ಥದಲ್ಲೇ ತೆಗೆದುಕೊಳ್ಳಿ. ದಾನವಾಗಿ ಕೊಟ್ಟರೆ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಗೊಂಡ ಆದಾಯದ 50 ಶೇಕಡದವರೆಗೆ ಕಡಿತ, ಉಳಿದದ್ದನ್ನು ಮುಂದಿನ 15 ವರ್ಷಕ್ಕೆ ಒಯ್ಯಬಹುದು. 5,000 ಡಾಲರ್ ಮೀರಿದ ದಾನಕ್ಕೆ ಅರ್ಹ ಮೌಲ್ಯಮಾಪಕರ ವರದಿ ಮತ್ತು 8283 ನಮೂನೆ ಬೇಕು, ವರದಿ ದಾನದ ದಿನಕ್ಕಿಂತ 60 ದಿನಕ್ಕೂ ಮುಂಚಿನದಾಗಿರಬಾರದು. ಇಲ್ಲಿ ಒಂದು ಎಚ್ಚರಿಕೆ. ಚೆನ್ನಾಗಿ ದುಡಿಯುವ ವೈದ್ಯರು, ಎಂಜಿನಿಯರುಗಳ ಬಳಿಗೆ ಬಂದು "ಒಂದು ಡಾಲರ್ ಹಾಕಿ, ನಾಲ್ಕು ಡಾಲರ್ ಕಡಿತ ಪಡೆಯಿರಿ" ಎಂದು ಪಾಲುದಾರಿಕೆಯ ಈಸ್‌ಮೆಂಟ್ ಮಾರುವವರಿದ್ದಾರೆ. ಜಾರ್ಜಿಯಾದಲ್ಲಿ ಇದು ದೊಡ್ಡ ವ್ಯಾಪಾರವಾಗಿತ್ತು. 2022ರ ಕೊನೆಯಲ್ಲಿ ಬಂದ ಕಾನೂನಿನಂತೆ, ಇಂಥ ಪಾಲುದಾರಿಕೆಯಲ್ಲಿ ಹೂಡಿಕೆಯ ಎರಡೂವರೆ ಪಟ್ಟು ಮೀರಿದ ಕಡಿತ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಆ ಬಾಗಿಲಿಗೆ ಹೋಗಬೇಡಿ.

ಯಾವ ದಾರಿ ಹಿಡಿದರೂ ಮೊದಲು ದಾಖಲೆ ಸರಿಮಾಡಿಕೊಳ್ಳಿ. ಕೌಂಟಿಯ ಸುಪೀರಿಯರ್ ಕೋರ್ಟ್ ಕ್ಲರ್ಕ್ ಕಚೇರಿಯಲ್ಲಿ ನಿಮ್ಮ ಕ್ರಯಪತ್ರ, ಪ್ಲಾಟ್ ನಕ್ಷೆಯ ಪ್ರತಿ ತೆಗೆಸಿ. ಟ್ವಿಗ್ಸ್ ಕೌಂಟಿ ಕೆಯೊಲಿನ್ ಎಂಬ ಬಿಳಿ ಜೇಡಿಮಣ್ಣಿನ ಗಣಿ ಪಟ್ಟಿಯಲ್ಲಿದೆ. ಎಷ್ಟೋ ಹಳೆಯ ಕ್ರಯಪತ್ರಗಳಲ್ಲಿ ಮೇಲಿನ ನೆಲ ಒಬ್ಬರಿಗೆ, ಖನಿಜದ ಹಕ್ಕು ಇನ್ನೊಬ್ಬರಿಗೆ ಎಂದು ಬೇರ್ಪಟ್ಟಿರುತ್ತದೆ. ಹಾಗಿದ್ದರೆ ಫೆಡರಲ್ ಸರ್ಕಾರ ಕೊಳ್ಳಲು ಹಿಂಜರಿಯುತ್ತದೆ, ಅದರ ಹಕ್ಕುಪತ್ರ ಪರಿಶೀಲನೆ ಬ್ಯಾಂಕಿನದಕ್ಕಿಂತ ಬಿಗಿ. ಖನಿಜ ಹಕ್ಕುದಾರರು ಏಳು ವರ್ಷ ಗಣಿಯೂ ನಡೆಸದೆ, ಅದರ ತೆರಿಗೆಯನ್ನೂ ಕಟ್ಟದೆ ಇದ್ದರೆ ಮೇಲ್ನೆಲದ ಒಡೆಯರು ಕೋರ್ಟಿನಲ್ಲಿ ಆ ಹಕ್ಕನ್ನು ತಮ್ಮದಾಗಿಸಿಕೊಳ್ಳುವ ಅವಕಾಶ ಜಾರ್ಜಿಯಾ ಕಾನೂನಿನಲ್ಲಿದೆ. ಇದು ಸಮಯ ಹಿಡಿಯುವ ಕೆಲಸ, ಗಿರಾಕಿ ಬರುವ ಮೊದಲೇ ಮುಗಿಸಿಡಬೇಕು. ಜಮೀನಿನ ಮೂಲೆಯಲ್ಲಿ ಹಳೆಯ ಎಣ್ಣೆ ಡ್ರಮ್ಮು, ಟೈರು, ಕಸದ ಹೊಂಡ ಇದ್ದರೆ ಈಗಲೇ ತೆಗೆಸಿ. ಪರಿಸರ ತಪಾಸಣೆಯಲ್ಲಿ ಬಿದ್ದುಹೋಗುವುದು ಹೆಚ್ಚಾಗಿ ಇಂಥ ಸಣ್ಣ ವಿಷಯಕ್ಕೇ.

ಕೃಷಿ ತೆರಿಗೆ ರಿಯಾಯಿತಿಗೆ ಕನ್ಸರ್ವೇಶನ್ ಯೂಸ್ ಕರಾರಿಗೆ ಸಹಿ ಹಾಕಿದ್ದೀರಾ? ಅದು ಹತ್ತು ವರ್ಷದ ಕರಾರು. ನಡುವೆ ಮುರಿದರೆ ಉಳಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ಮಾರುವ ಮೊದಲು, ಇಂಥವರಿಗೆ ಮಾರಿದರೆ ಕರಾರು ಮುರಿದಂತೆಯೇ ಎಂದು ಕೌಂಟಿ ತೆರಿಗೆ ಮೌಲ್ಯಮಾಪಕರಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಮಡಕೆ ಚೂರು, ಬಾಣದ ಮೊನೆಗಳ ಬಗ್ಗೆ ನೀವು ಕೇಳಿದ್ದು ನನಗೆ ಸಂತೋಷ ತಂದಿತು, ಹೆಚ್ಚಿನವರು ಕೇಳುವುದಿಲ್ಲ. ಮೇಕನ್ ಬಳಿಯ ದಿಬ್ಬಗಳು ಸಾವಿರ ವರ್ಷ ಹಳೆಯವು. ದೊಡ್ಡ ದೇವಾಲಯ ದಿಬ್ಬ ಸುಮಾರು 55 ಅಡಿ ಎತ್ತರ. ಮಣ್ಣಿನ ಸಭಾಮನೆಯ ನೆಲ ಅಂದಿನದೇ ಇನ್ನೂ ಇದೆ. ಅದೇ ದಿಬ್ಬಗಳನ್ನು 19ನೇ ಶತಮಾನದಲ್ಲಿ ರೈಲುಹಾದಿಗಾಗಿ ಎರಡು ಸಲ ಸೀಳಿದರು, ಅಲ್ಲಿದ್ದದ್ದು ಮತ್ತೆ ಬರಲಿಲ್ಲ. ಆ ಜನ ಪಾರ್ಕಿನ ಬೇಲಿಯೊಳಗೆ ಮಾತ್ರ ಬದುಕಿದವರಲ್ಲ, ನಿಮ್ಮ ಹೊಲದಲ್ಲೂ ಇದ್ದರು. ಖಾಸಗಿ ನೆಲದ ಮೇಲ್ಮೈಯಲ್ಲಿ ಸಿಕ್ಕ ಚೂರು ನೆಲದ ಒಡೆಯರದು. ಅಗೆದು ಹುಡುಕುವುದು ಬೇರೆ ವಿಷಯ: ಅದಕ್ಕೆ ಮೊದಲು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ಮೂಳೆ ಕಂಡರೆ, ಮನುಷ್ಯರದೋ ಪ್ರಾಣಿಯದೋ ಗೊತ್ತಾಗದಿದ್ದರೂ, ಕೆಲಸ ನಿಲ್ಲಿಸಿ, ಏನನ್ನೂ ಎತ್ತದೆ, ಪೊಲೀಸರಿಗೆ ತಿಳಿಸಿ. ಸಮಾಧಿ ಕದಡುವುದು ಖಾಸಗಿ ನೆಲದಲ್ಲೂ ಅಪರಾಧ. ಬೇಲಿ ದಾಟಿ ಫೆಡರಲ್ ನೆಲಕ್ಕೆ ಹೋದರೆ ಲೆಕ್ಕವೇ ಬದಲು. 1979ರ ಪುರಾತತ್ವ ರಕ್ಷಣಾ ಕಾಯ್ದೆಯಡಿ ಮೊದಲ ಅಪರಾಧಕ್ಕೇ 10,000 ಡಾಲರ್ ದಂಡ, ಒಂದು ವರ್ಷ ಜೈಲು ಆಗಬಹುದು. ವಸ್ತುವಿನ ಮೌಲ್ಯ ಮತ್ತು ಹಾನಿ ಸೇರಿ 500 ಡಾಲರ್ ದಾಟಿದರೆ 20,000 ಡಾಲರ್, ಎರಡು ವರ್ಷ. ನೆಲದ ಮೇಲೆ ಬಿದ್ದ ಬಾಣದ ಮೊನೆ ಎತ್ತುವುದಕ್ಕೆ ಆ ಕಾಯ್ದೆಯ ದಂಡನೆ ಇಲ್ಲ ಎಂದು ಕೆಲವರು ಹೇಳುವುದು ಸರಿ, ಆದರೆ ಪಾರ್ಕಿನ ನಿಯಮ ಅದನ್ನೂ ನಿಷೇಧಿಸುತ್ತದೆ. ಸಿಕ್ಕದ್ದನ್ನು ತೊಳೆಯಬೇಡಿ, ಮಾರಬೇಡಿ. ಯಾವ ಜಾಗದಲ್ಲಿ ಯಾವ ದಿನ ಸಿಕ್ಕಿತು ಎಂದು ಬರೆದ ಚೀಟಿಯೊಂದಿಗೆ ಪ್ರತ್ಯೇಕ ಚೀಲದಲ್ಲಿಡಿ. ಜಾಗ ತಿಳಿಯದ ಚೂರಿನಿಂದ ಇತಿಹಾಸಕ್ಕೆ ಹೆಚ್ಚು ಪ್ರಯೋಜನವಿಲ್ಲ. ರಾಜ್ಯದ ಪುರಾತತ್ವ ಅಧಿಕಾರಿಗೆ ಫೋಟೋ ಕಳಿಸಿದರೆ ನಿಮ್ಮ ಜಮೀನು ಯಾರ ಕೈಗೂ ಹೋಗುವುದಿಲ್ಲ.

ಬೆಂಗಳೂರಿಗೆ ಹೋದ ನಿಮ್ಮ ಭಾವಮೈದುನನ ಸಹಿ ಇಲ್ಲದೆ ಪೂರ್ತಿ ಜಮೀನನ್ನು ಯಾರೂ ಕೊಳ್ಳುವುದಿಲ್ಲ. ಅಲ್ಲಿಂದ ಅಧಿಕಾರಪತ್ರ ಕಳಿಸುವುದಾದರೆ ನೋಟರಿ ಮಾಡಿಸಿ, ದಾಖಲೆ ವಿದೇಶದಲ್ಲೂ ಮಾನ್ಯವಾಗಲೆಂದು ಸರ್ಕಾರ ಹಾಕುವ ಅಪಾಸ್ಟಿಲ್ ಮುದ್ರೆ ಹಾಕಿಸಬೇಕು. ಜಮೀನಿನ ಪೂರ್ಣ ವಿವರ, ಮಾರುವ ಅಧಿಕಾರ, ಹಣ ಪಡೆಯುವ ಅಧಿಕಾರ ಮೂರೂ ಅದರಲ್ಲಿ ಸ್ಪಷ್ಟವಾಗಿರಬೇಕು. ಅವರು ಈಗ ಅಮೆರಿಕದ ತೆರಿಗೆ ನಿವಾಸಿಯಲ್ಲದಿದ್ದರೆ, ಮಾರುವಾಗ ಅವರ ಪಾಲಿನ ಮಾರಾಟ ಮೊತ್ತದ 15 ಶೇಕಡವನ್ನು ಕೊಳ್ಳುವವರು ಹಿಡಿದು ಅಮೆರಿಕದ ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಫಿರ್ಪ್ಟಾ ನಿಯಮ ಬರುತ್ತದೆ. ಅದು ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ. ನಿಜವಾದ ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ, ಮಾರಾಟದ ದಿನಕ್ಕೆ ಮೊದಲೇ ಕಡಿಮೆ ಹಿಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಇಲ್ಲವಾದರೆ ರಿಟರ್ನ್ ಸಲ್ಲಿಸಿ ಹಣ ವಾಪಸ್ ಪಡೆಯಲು ವರ್ಷ ಕಾಯಬೇಕು.

ಒಟ್ಟಿನಲ್ಲಿ, ತಂದೆಯವರ ಮಾತಿಗೆ ಹೆದರಿ ಈಗ ಮಾರಬೇಡಿ, ಮೂರು ಪಟ್ಟಿನ ಆಸೆಗೆ ಹಿಡಿದುಕೊಳ್ಳಲೂ ಬೇಡಿ. ಹಣದ ತುರ್ತಿಲ್ಲದಿದ್ದರೆ ಎತ್ತರದ ಭಾಗವನ್ನು ಮನೆಗೆ ಉಳಿಸಿಕೊಂಡು, ತಗ್ಗಿನ ಭಾಗವನ್ನು ಬೇರೆ ಸರ್ವೆ ಮಾಡಿಸಿಡುವುದು ನನಗೆ ಸರಿಯೆನಿಸುತ್ತದೆ. ಮುಂದೆ ಮಾರಿದರೂ ಆ ಭಾಗವನ್ನಷ್ಟೇ ಮಾರಬಹುದು. ಬೇಟೆ ಕ್ಲಬ್ಬಿನ ಗುತ್ತಿಗೆ ಈ ವರ್ಷ ನವೀಕರಿಸುವಾಗ ಒಂದು ಷರತ್ತು ಸೇರಿಸಿ: ಜಮೀನು ಮಾರಿದರೆ 60 ದಿನದ ನೋಟಿಸಿನಲ್ಲಿ ಗುತ್ತಿಗೆ ಕೊನೆಗೊಳ್ಳುತ್ತದೆ, ಉಳಿದ ತಿಂಗಳ ಹಣ ವಾಪಸ್ ಕೊಡಲಾಗುತ್ತದೆ ಎಂದು. ರಾಷ್ಟ್ರೀಯ ಐತಿಹಾಸಿಕ ಪಾರ್ಕಿನ ಫೆಡರಲ್ ನೆಲದಲ್ಲಿ ಸಂಸತ್ತು ಬೇರೆ ಹೇಳದಿದ್ದರೆ ಬೇಟೆ ನಿಷೇಧ. ಪ್ರಿಸರ್ವ್ ಎಂದಾದರೆ ಅದು ಮುಂದುವರಿಯಬಹುದು, ಹೊಸ ಮಸೂದೆ ಪಾರ್ಕಿನ ಜೊತೆಗೆ ಪ್ರಿಸರ್ವ್ ರೂಪವನ್ನೂ ಹಿಡಿದಿರುವುದು ಅದಕ್ಕೇ. ಯಾವುದೇ ಆದರೂ ಮಾರಾಟದ ದಿನ ಗುತ್ತಿಗೆದಾರರು ಜಮೀನಿನಲ್ಲಿದ್ದರೆ ಸಹಿ ಮುಂದಕ್ಕೆ ಹೋಗುತ್ತದೆ.